ಫಿನಾಯಿಲ್ ವಾಸನೆಯ ಚಿಲುಮೆ

2025ರ ಫೆಬ್ರವರಿ 17, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯಿಂದ ಬಂದ ಲಗೇಜ್ ಆಟೊ ಒಂದು ಪೊಲೀಸ್ ಠಾಣೆಯ ಮುಂದೆ ನಿಂತಿತು. ಹಿಂಬದಿಯಲ್ಲಿ ಎರಡು ಸತ್ತ ಕುರಿಗಳಿದ್ದವು. ಅವುಗಳ ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಸತ್ತ ಕುರಿಗಳನ್ನೇ ಹೊತ್ತು ತಂದಿದ್ದಳು.

ಆಕೆಯ ಹೆಸರು ರಂಗಕ್ಕ. ಆಕೆ ಹೇಳಿದ್ದನ್ನು ಠಾಣೆಯ ಬರಹಗಾರ ದೂರಾಗಿ ಬರೆದುಕೊಂಡ. ರಂಗಕ್ಕ ಮತ್ತು ಆಕೆಯ ಗಂಡ ಬೋರಪ್ಪ ಕುರಿ ಸಾಕಿಕೊಂಡು ಬದುಕುವವರು. ಊರಾಚೆಯ ಹಳ್ಳ ಬತ್ತಿದ ಮೇಲೆ ಕುರಿ ಮೇಯಿಸುವವರೆಲ್ಲ ಅದರ ಮರಳಿನಲ್ಲಿ ಮೊಣಕಾಲುದ್ದ ಚಿಲುಮೆ ತೋಡಿ, ಒಸರಿದ ನೀರನ್ನು ತಾವೂ ಕುಡಿದು ಕುರಿಗಳಿಗೂ ಕುಡಿಸುವುದು ರೂಢಿ. ಭಾನುವಾರ ಮಧ್ಯಾಹ್ನ ಆ ನೀರು ಕುಡಿದ ಕುರಿಗಳು ಕಾಲು ಬಡಿಯುತ್ತ ಅಲ್ಲೇ ಬಿದ್ದವು. ಚೊಂಬಿನಲ್ಲಿ ಮೊಗೆದು ಗಟಗಟ ಕುಡಿದಿದ್ದ ಬೋರಪ್ಪನ ತುಟಿ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಆಂಬುಲೆನ್ಸ್ ಬರುವ ಹೊತ್ತಿಗೆ ಅವನಿಗೆ ಮಾತು ನಿಂತಿತ್ತು. ಈಗ ತುಮಕೂರಿನ ಆಸ್ಪತ್ರೆಯಲ್ಲಿದ್ದಾನೆ.

ಇನ್ಸ್‌ಪೆಕ್ಟರ್ ಲೋಹಿತಾ ಹೊರಗೆ ಬಂದು ಆಟೊದ ಮೇಲೆ ಬಾಗಿ ನೋಡಿದಳು. ಕುರಿಗಳ ಬಾಯಿಯಿಂದ ಆಸ್ಪತ್ರೆಯ ವರಾಂಡದ ವಾಸನೆ ಬರುತ್ತಿತ್ತು.

"ನೀರು ವಾಸನೆ ಹೊಡೀತಿತ್ತಾ?"

"ಹೊಡೀತಿತ್ತು ಕಣಮ್ಮ. ಆಸ್ಪತ್ರೇಲಿ ಫಿನಾಯ್ಲು ಹಾಕಿ ಒರೆಸ್ತಾರಲ್ಲ, ಅಂಗೆ."

"ಅಂಥ ನೀರನ್ನ ಅವರು ಹೇಗೆ ಕುಡಿದ್ರು?"

ರಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉತ್ತರ ಕೊಡಲಿಲ್ಲ. ಇಲ್ಲಿ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಲೋಹಿತಾಗೆ ಅನ್ನಿಸಿತು. ಆದರೆ ಗಂಡ ಆಸ್ಪತ್ರೆಯಲ್ಲಿರುವವಳನ್ನು ಕೆದಕಲು ಮನಸ್ಸಾಗಲಿಲ್ಲ.

ಜನ ಬಳಸುವ ನೀರನ್ನು ಕೆಡಿಸಿದ್ದು, ವಿಷಪದಾರ್ಥದ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದು, ಜಾನುವಾರುಗಳ ಸಾವಿಗೆ ಕಾರಣವಾದದ್ದು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ 'ಗೊತ್ತಿಲ್ಲ' ಎಂದು ಬರೆದರು.

ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ವೀರಭದ್ರಯ್ಯ ಮತ್ತು ಪಾವಗಡ ಕಡೆಯ ಕಾನ್‌ಸ್ಟೆಬಲ್ ಚಿರಂಜೀವಿಯ ಜತೆ ಲೋಹಿತಾ ಹಳ್ಳಕ್ಕೆ ಹೋದಳು. ಊರಿನ ಇಬ್ಬರು ಪಂಚರಾಗಿ ಬಂದರು. ಚಿಲುಮೆಯ ಸುತ್ತ ಮರಳು ಕಂದು ಬಣ್ಣಕ್ಕೆ ತಿರುಗಿತ್ತು. ಚಿರಂಜೀವಿ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ. ನೀರನ್ನು ಬಾಟಲಿಗಳಿಗೆ ತುಂಬಿ, ಅರಗಿನ ಮೊಹರು ಹಾಕಿ, ಪಂಚನಾಮೆ ಬರೆದು ಮುಗಿಸುವಷ್ಟರಲ್ಲಿ ವೀರಭದ್ರಯ್ಯನಿಗೆ ತಲೆ ಸುತ್ತುತ್ತಿತ್ತು. ಹಳ್ಳದ ಮೇಲ್ಗಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅಂಟಿನ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು.

ಪ್ಲೈವುಡ್ ಹಲಗೆಗಳನ್ನು ಒಂದಕ್ಕೊಂದು ಕೂಡಿಸುವ ಅಂಟನ್ನು ಅಲ್ಲಿ ತಯಾರಿಸುತ್ತಾರೆ. ಅದಕ್ಕೆ ಬೇಕಾಗುವ ಮುಖ್ಯ ವಸ್ತು ಫಿನಾಲ್. ಫಿನಾಯಿಲ್ಲಿಗೆ ಆ ವಾಸನೆ ಬರುವುದು ಇದರ ಜಾತಿಯ ವಸ್ತುಗಳಿಂದಲೇ. ಕಾರ್ಖಾನೆ ತೊಳೆದ ನೀರಿನಲ್ಲಿ ಫಿನಾಲ್ ಉಳಿದಿದ್ದರೆ ಅದು ವಿಷ.

ಕಾರ್ಖಾನೆಯ ಮಾಲೀಕ ಶಂಕರಲಿಂಗಪ್ಪ ಮಧುಗಿರಿಯ ಹಳೆಯ ವ್ಯಾಪಾರಸ್ಥರ ಮನೆಯವನು. ಪೊಲೀಸರನ್ನು ಕಂಡು ಅವನು ಗಾಬರಿಯಾಗಲಿಲ್ಲ. ನೇರವಾಗಿ ಗೇಟಿನ ಪಕ್ಕದ ಗಾಜಿನ ತೊಟ್ಟಿಯ ಬಳಿ ಕರೆದುಕೊಂಡು ಹೋದ. ಅದರಲ್ಲಿ ಮೀನುಗಳು ಓಡಾಡುತ್ತಿದ್ದವು.

"ನಮ್ಮ ಕೊಳಕು ನೀರೇ ಶುದ್ಧವಾಗಿ ಇದಕ್ಕೆ ಬರೋದು ಮೇಡಂ. ಮೀನು ಬದುಕಿರೋ ನೀರು ಕುಡಿದು ಕುರಿ ಸಾಯ್ತಾವಾ?"

ಅವನು ವಿವರಿಸಿದ. ಮೂರು ವರ್ಷದ ಹಿಂದೆ ಈ ನೀರನ್ನು ಏನು ಮಾಡಬೇಕೆಂದು ತಿಳಿಯದೆ ಕಾರ್ಖಾನೆಯನ್ನೇ ಮುಚ್ಚಲು ಹೊರಟಿದ್ದ. ಆಗ ಮಧುಗಿರಿಯ ಖಾಸಗಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತಿದ್ದ ನಾಗಭೂಷಣ್ ಬಂದ. ಅಂಟಿನ ನೀರು ಚೆಲ್ಲಿ ಸುಟ್ಟುಹೋಗಿದ್ದ ನೆಲದಲ್ಲಿ ಒಂದೇ ಒಂದು ಕಡೆ ಹುಲ್ಲು ಚಿಗುರಿದ್ದನ್ನು ನೋಡಿ, ಅಲ್ಲಿನ ಹಿಡಿ ಮಣ್ಣು ಒಯ್ದ. ಆ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾಗಳಿಗೆ ಮೊದಲು ಹನಿ, ಆಮೇಲೆ ಚಮಚ, ಆಮೇಲೆ ಲೋಟ ಎಂದು ಫಿನಾಲ್ ತಿನ್ನುವ ಅಭ್ಯಾಸ ಹಿಡಿಸಿದ. ಈಗ ಕಾರ್ಖಾನೆಯ ಹಿಂಬದಿಯ ದೊಡ್ಡ ಕಾಂಕ್ರೀಟ್ ತೊಟ್ಟಿಯಲ್ಲಿ ಅವುಗಳದ್ದೇ ಸಂಸಾರ. ಬ್ಲೋವರ್ ಯಂತ್ರ ಹಗಲೂ ರಾತ್ರಿ ಗಾಳಿ ಊದುತ್ತದೆ, ಅವು ವಿಷ ತಿಂದು ನೀರನ್ನು ಬಿಡುತ್ತವೆ. ಸುತ್ತಲ ಹಳ್ಳಿಯವರು ಅವನ್ನು 'ವಿಷ ತಿನ್ನೋ ಹುಳ' ಎನ್ನುತ್ತಿದ್ದರು. ಮಕ್ಕಳನ್ನು ಕರೆತಂದು ಮೀನು ತೋರಿಸುತ್ತಿದ್ದರು.

ಕಾಂಕ್ರೀಟ್ ತೊಟ್ಟಿಯ ಕೆಳಗಿನ ನಲ್ಲಿಯಿಂದ ಲೋಹಿತಾ ಒಂದು ಬಾಟಲಿ ನೀರು ಹಿಡಿಸಿದಳು. ಹೋಲಿಕೆಗೆಂದು ಕಾರ್ಖಾನೆಯ ಬೋರ್‌ವೆಲ್ ನೀರನ್ನೂ ತೆಗೆದುಕೊಂಡಳು. ತೊಟ್ಟಿಗೆ ಕಬ್ಬಿಣದ ಏಣಿಯಿತ್ತು. ಬಿಸಿಲು ಏರಿತ್ತು, ಮೀನುಗಳನ್ನು ನೋಡಿಯಾಗಿತ್ತು. ಅವಳು ಏಣಿ ಹತ್ತಲಿಲ್ಲ.

ಸಂಜೆ ನಾಗಭೂಷಣ್ ತಾನೇ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೆಲುದನಿ. ಅವನ ಬಗ್ಗೆ ಲೋಹಿತಾ ಪತ್ರಿಕೆಯಲ್ಲಿ ಓದಿದ್ದಳು. ಅವಳೇ ಎದ್ದು ಕುರ್ಚಿ ತೋರಿಸಿದಳು, ಚಹಾ ತರಿಸಿದಳು, ಈ ಪ್ರಕರಣದಲ್ಲಿ ಸಲಹೆ ಕೊಡಬೇಕೆಂದು ಕೇಳಿಕೊಂಡಳು. ಬೇರೆ ಕಡೆಯ ಟ್ಯಾಂಕರ್ ಯಾವುದೋ ಬಂದು ಹಳ್ಳಕ್ಕೆ ಸುರಿದು ಹೋಗಿರಬಹುದು ಎಂದು ಅವನು ಹೇಳಿದ. ಹೋಗುವ ಮುಂಚೆ ಬೋರಪ್ಪ ಹೇಗಿದ್ದಾನೆ ಎಂದು ಎರಡು ಸಲ ವಿಚಾರಿಸಿದ. ಒಳ್ಳೆಯ ಮನುಷ್ಯ ಎಂದುಕೊಂಡಳು ಲೋಹಿತಾ.

ಮಂಗಳವಾರವೆಲ್ಲ ಟ್ಯಾಂಕರ್ ಹುಡುಕುವುದರಲ್ಲೇ ಹೋಯಿತು. ಹಳ್ಳದ ದಾರಿಗೆ ಹೊರಳುವಲ್ಲಿ ಇರುವ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಹಾಲಿನ ವಾಹನ, ಟ್ರ್ಯಾಕ್ಟರ್‌ಗಳು ಬಿಟ್ಟರೆ ಬೇರೇನೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಬೋರಪ್ಪ ತೀರಿಕೊಂಡ. ಗಂಟಲು ಸುಟ್ಟಿತ್ತು, ಮೂತ್ರ ಕಪ್ಪಾಗಿತ್ತು, ಫಿನಾಲ್ ವಿಷವೇ ಸರಿ ಎಂದು ವೈದ್ಯರು ಹೇಳಿಕೆ ಕೊಟ್ಟರು. ಮರಣೋತ್ತರ ಪರೀಕ್ಷೆ ಮುಗಿಸಿ ತಂದ ಹೆಣವನ್ನು ಊರಿನವರು ರಸ್ತೆಯಲ್ಲಿಟ್ಟು ಕೂತರು. ಆ ಗುಂಪಿನಲ್ಲಿದ್ದ ಕುರಿಗಾಹಿಯೊಬ್ಬ ಒಂದು ಮಾತು ಹೇಳಿದ. ಹಿಂದಿನ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಕಾರ್ಖಾನೆಯ ನವೀನ್ ಕುಮಾರ್ ಕ್ಯಾನ್ ಹಿಡಿದು ಹಳ್ಳದಲ್ಲಿ ಬಗ್ಗಿದ್ದನ್ನು ಅವನು ನೋಡಿದ್ದ.

ನವೀನ್ ಕುಮಾರ್ ನೀರು ಶುದ್ಧೀಕರಣ ಘಟಕದ ಆಪರೇಟರ್. ನಾಗಭೂಷಣನ ಹಳೆಯ ವಿದ್ಯಾರ್ಥಿ. ರಜೆ ಹಾಕಿ ಕೊರಟಗೆರೆಯ ತನ್ನ ಮನೆಗೆ ಹೋಗಿದ್ದ.

ಗುರುವಾರ ಹನ್ನೊಂದರ ಹೊತ್ತಿಗೆ ಲೋಹಿತಾಳ ಜೀಪು ಕೊರಟಗೆರೆಯ ಆ ಬೀದಿಗೆ ಹೋದಾಗ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ನವೀನನ ತಂಗಿ ರಮ್ಯಶ್ರೀಯ ನಿಶ್ಚಿತಾರ್ಥ. ಗಂಡಿನ ಕಡೆಯವರು ಬಂದು ಕೂತಿದ್ದರು, ಎಲೆ ಹಾಕುತ್ತಿದ್ದರು. ನವೀನ್ ನೀರಿನ ಜಗ್ಗು ಹಿಡಿದು ಪಂಕ್ತಿಯಲ್ಲಿ ನಿಂತಿದ್ದ. ಅವನ ತಾಯಿ ದಾಸಮ್ಮ ಬಾಗಿಲಿಗೆ ಬಂದು ಕೈಮುಗಿದಳು.

"ಊಟ ಒಂದ್ ಆಗೋಗ್ಲಿ ಮೇಡಂ. ಅವ್ನೇ ಬತ್ತಾನೆ. ನಾನೇ ಕಳಿಸ್ಕೊಡ್ತೀನಿ."

ರಸ್ತೆಯಲ್ಲಿ ಹೆಣವಿಟ್ಟು ಕೂತವರಿಗೆ ಮಾರನೆಯ ಸಂಜೆಯೊಳಗೆ ಒಬ್ಬನನ್ನಾದರೂ ಹಿಡಿಯುತ್ತೇನೆ ಎಂದು ಲೋಹಿತಾ ಮಾತು ಕೊಟ್ಟಿದ್ದಳು. ಆಗುವುದಿಲ್ಲ ಎಂದಳು. ವೀರಭದ್ರಯ್ಯ ನವೀನನ ಕೈಯಿಂದ ಜಗ್ಗು ತೆಗೆದು ಕೆಳಗಿಟ್ಟು, ತೋಳು ಹಿಡಿದು ಜೀಪಿನ ಹಿಂದೆ ಹತ್ತಿಸಿದ. ಜೀಪು ತಿರುಗುವಾಗ ಗಂಡಿನ ಕಡೆಯ ಹಿರಿಯನೊಬ್ಬ ಎಲೆಯ ಮುಂದಿನಿಂದ ಎದ್ದದ್ದು ಅವಳಿಗೆ ಕಂಡಿತು. ಅವನ ಹಿಂದೆಯೇ ಉಳಿದವರೂ ಎದ್ದರು.

ಠಾಣೆಯಲ್ಲಿ ವಿಚಾರಣೆ ಉದ್ದಕ್ಕೆ ಹೋಗಲಿಲ್ಲ.

"ಕ್ಯಾನಲ್ಲಿ ಏನು ತಗೊಂಡು ಹೋಗಿದ್ದೆ?"

"ಖಾಲಿ ಕ್ಯಾನು ಮೇಡಂ. ನೀರು ತರೋಕೆ ಹೋಗಿದ್ದೆ."

"ಹಳ್ಳದ ನೀರು ನಿನಗೆ ಯಾಕೆ?"

"ನೋಡೋಕೆ."

"ಏನು ನೋಡೋಕೆ?"

ನವೀನ್ ತಲೆ ತಗ್ಗಿಸಿದ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ವೀರಭದ್ರಯ್ಯ ಹಿಂದಿನಿಂದ ಬಂದು ಅವನ ಕೆನ್ನೆಗೆ ಬಾರಿಸಿದ. ನಿಶ್ಚಿತಾರ್ಥಕ್ಕೆಂದು ಹಾಕಿದ್ದ ಹೊಸ ಅಂಗಿಯ ಮೇಲೆ ತುಟಿಯ ರಕ್ತ ಬಿತ್ತು. ಲೋಹಿತಾ ಬೇಡ ಎನ್ನಲಿಲ್ಲ. ಮೇಜಿನ ಮೇಲಿದ್ದ ಕಾಗದ ಸರಿಸಿದಳು.

ಅದೇ ಹೊತ್ತಿಗೆ ನಾಗಭೂಷಣ್ ಒಳಗೆ ಬಂದ. ಲೋಹಿತಾಳೇ ಸಲಹೆಗೆಂದು ಕರೆಸಿದ್ದಳು. ಅವನನ್ನು ಕಂಡದ್ದೇ ನವೀನ್ ಎದ್ದು ನಿಂತ. ತರಗತಿಗೆ ಮೇಷ್ಟ್ರು ಬಂದಾಗ ಏಳುವ ಹಾಗೆ. ಅವನ ಕಣ್ಣು ನಾಗಭೂಷಣನ ಮುಖದ ಮೇಲೇ ಇತ್ತು. ನಾಗಭೂಷಣ್ ಅವನ ತುಟಿಯನ್ನು ನೋಡಿದ, ಆಮೇಲೆ ನೆಲ ನೋಡಿದ. ಹುಡುಗ ಒಳ್ಳೆಯವನು, ಇಂಥ ಕೆಲಸ ಮಾಡುವವನಲ್ಲ ಎಂದಷ್ಟೇ ಹೇಳಿ, ತನ್ನ ತಾಯಿಗೆ ಮೈ ಸರಿಯಿಲ್ಲವೆಂದು ಬೇಗ ಹೊರಟುಹೋದ. ಸಾಕ್ಷ್ಯ ಸಾಲದೆಂದು ಸಂಜೆ ನವೀನನಿಗೆ ನೋಟಿಸ್ ಕೊಟ್ಟು ಕಳಿಸಿದರು.

ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದಿಂದ ಮಂಜುಶ್ರೀ ಎಂಬ ಅಧಿಕಾರಿ ಫೋನ್ ಮಾಡಿದಳು. ಚಿಲುಮೆಯ ನೀರಿನಲ್ಲಿ ಫಿನಾಲ್ ವಿಪರೀತ ಇತ್ತು. ಕಾರ್ಖಾನೆಯ ನಲ್ಲಿಯ ನೀರಿನಲ್ಲಿ ಚೂರೂ ಇರಲಿಲ್ಲ. ಆದರೆ ಅವಳಿಗೆ ಬೇರೊಂದು ಅನುಮಾನವಿತ್ತು. ಅಂಟು ಮಾಡುವಾಗ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಬ್ಯಾಕ್ಟೀರಿಯಾ ಫಿನಾಲನ್ನು ತಿನ್ನುತ್ತವೆ, ಸೋಡಾದ ಉಪ್ಪನ್ನು ತಿನ್ನುವುದಿಲ್ಲ. ಹಾಗಾಗಿ ಎಷ್ಟೇ ಶುದ್ಧವಾದರೂ ತೊಟ್ಟಿಯಿಂದ ಬರುವ ನೀರಿನಲ್ಲಿ ಆ ಉಪ್ಪು ಇರಲೇಬೇಕು. ನಲ್ಲಿಯ ನೀರಿನಲ್ಲಿ ಅದಿರಲಿಲ್ಲ. ಫ್ಲೋರೈಡು, ಗಡಸುತನ ಎಲ್ಲವೂ ಬೋರ್‌ವೆಲ್ ನೀರಿಗೆ ಸರಿಹೊಂದುತ್ತಿದ್ದವು.

"ಅಂದ್ರೆ?" ಲೋಹಿತಾ ಕೇಳಿದಳು.

"ನಲ್ಲೀಲಿ ಬರ್ತಿರೋದು ಶುದ್ಧ ಮಾಡಿದ ನೀರಲ್ಲ ಮೇಡಂ. ಕೊಳೆಯಾಗೇ ಇರದ ನೀರು."

ಲೋಹಿತಾ ಫೋನ್ ಇಟ್ಟು ಪಂಚರನ್ನು ಕರೆಸಲು ಹೇಳಿದಳು. ಏಣಿ ಹತ್ತಿದ್ದರೆ ಸೋಮವಾರವೇ ತಿಳಿಯುತ್ತಿತ್ತು.

ಹನ್ನೆರಡಕ್ಕೆ ಪಂಚರ ಸಮೇತ ಕಾರ್ಖಾನೆಗೆ ಹೋದರು. ನವೀನನನ್ನೂ ಬರಹೇಳಿದ್ದರು. ಈ ಸಲ ಲೋಹಿತಾ ಮೊದಲು ತೊಟ್ಟಿಯನ್ನೇ ಹತ್ತಿದಳು. ಬ್ಲೋವರ್ ಓಡುತ್ತಿತ್ತು, ಗುಳ್ಳೆ ಏಳುತ್ತಿದ್ದವು. ಆದರೆ ಹಸಿ ಮಣ್ಣಿನ ಬಣ್ಣದಲ್ಲಿರಬೇಕಾದ ನೀರು ಇದ್ದಿಲಿನಷ್ಟು ಕಪ್ಪಾಗಿತ್ತು. ಫಿನಾಲಿನ ವಾಸನೆಗೆ ಕಣ್ಣು ಉರಿಯಿತು. ಕೆಳಗೆ ನಲ್ಲಿಯ ಪೈಪಿನ ಜಾಡು ಹಿಡಿದು ಅಗೆಸಿದಾಗ, ಒಂದು ಅಡಿ ಮಣ್ಣಿನ ಕೆಳಗೆ ಹೊಸದಾಗಿ ಕೂಡಿಸಿದ ಪೈಪು ಸಿಕ್ಕಿತು. ಅದು ಬೋರ್‌ವೆಲ್ಲಿನಿಂದ ಬರುತ್ತಿತ್ತು. ತೊಟ್ಟಿಯ ಅಸಲಿ ಪೈಪನ್ನು ಕತ್ತರಿಸಿ, ಕಾಂಪೌಂಡಿನ ಕೆಳಗೆ ತಿರುಗಿಸಿ, ಮೋರಿಯೊಳಗಿಂದ ಹಳ್ಳಕ್ಕೆ ಬಿಟ್ಟಿದ್ದರು. ನಲ್ಲಿಗೂ ಮೀನಿನ ತೊಟ್ಟಿಗೂ ಬರುತ್ತಿದ್ದದ್ದು ಬರೀ ಬೋರ್ ನೀರು.

ಶಂಕರಲಿಂಗಪ್ಪ ಗುಂಡಿಯ ಅಂಚಿನಲ್ಲಿ ನಿಂತು ಪೈಪನ್ನೇ ನೋಡುತ್ತಿದ್ದ. ಊರ ಮಕ್ಕಳಿಗೆಲ್ಲ ತಾನು ಮೀನು ತೋರಿಸುತ್ತಿದ್ದೆನಲ್ಲ ಎಂದ. ತನ್ನ ಕಾರ್ಖಾನೆಯ ತೊಟ್ಟಿಯನ್ನು ತಾನೂ ತಿಂಗಳಿಂದ ಇಣುಕಿ ನೋಡಿರಲಿಲ್ಲ ಎಂದು ಒಪ್ಪಿಕೊಂಡ. ಆ ನಿರ್ಲಕ್ಷ್ಯಕ್ಕೆ ಅವನ ಮೇಲೂ ಮೊಕದ್ದಮೆ ಆಯಿತು.

ನವೀನ್ ಗುಂಡಿಯೊಳಗೆ ಇಳಿದು ಪೈಪಿನ ಕೂಡುಜಾಗವನ್ನು ಮುಟ್ಟಿ ನೋಡಿದ. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ.

"ಇದು ನಂಗೆ ಗೊತ್ತಿರ್ಲಿಲ್ಲ ಮೇಡಂ. ತೊಟ್ಟಿ ಕಪ್ಪಾಗಿದ್ದು ಗೊತ್ತಿತ್ತು. ಸುಧಾರಿಸ್ಕೊಳ್ತದೆ, ಯಾರಿಗೂ ಹೇಳ್ಬೇಡ ಅಂದ್ರು ಸರ್. ಮೀನು ಬದುಕಿದ್ವಲ್ಲ, ಹಂಗಾಗಿ ನಂಬ್ದೆ. ಆದ್ರೂ ಮನಸು ತಡೀಲಿಲ್ಲ. ಹಳ್ಳಕ್ಕೋಗಿ ನೋಡ್ದೆ. ಮರಳು ಅಗೆದಾಗ ವಾಸನೆ ಬಂತು."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಸರ್ ಹೇಳ್ತಾರೆ ಅನ್ಕೊಂಡೆ."

ವೀರಭದ್ರಯ್ಯ ಟೋಪಿ ತೆಗೆದು ಬೆವರು ಒರೆಸಿಕೊಂಡ.

ಅದೇ ಮಧ್ಯಾಹ್ನ ಚಿರಂಜೀವಿ ಮಧುಗಿರಿ ತಾಲ್ಲೂಕಿನ ದೊಡ್ಡೇರಿಗೆ ಹೋಗಿ ಅಲ್ಲಿನ ಪ್ಲಂಬರ್ ಒಬ್ಬನ ಹೇಳಿಕೆ ತಂದ. ತಿಂಗಳ ಹಿಂದೆ, ಕಾರ್ಖಾನೆಗೆ ರಜೆಯಿದ್ದ ದಿನ ನಾಗಭೂಷಣ್ ತನ್ನನ್ನು ಕರೆದೊಯ್ದು ಆ ಪೈಪು ಹಾಕಿಸಿದ್ದಾಗಿ ಅವನು ಹೇಳಿದ್ದ. ಅಷ್ಟು ದೊಡ್ಡ ಮನುಷ್ಯರು ಮಾಡಿಸುವಾಗ ತಪ್ಪು ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ, ಫೆಬ್ರವರಿ 22. ಮಧುಗಿರಿಗೆ ಲೋಹಿತಾ ಜೀಪಿನಲ್ಲಿ ಹೋಗಲಿಲ್ಲ. ಸಮವಸ್ತ್ರ ಹಾಕದೆ, ಬಾಡಿಗೆ ಕಾರು ಮಾಡಿಸಿದಳು. ಕೊರಟಗೆರೆಯಲ್ಲಿ ಆದದ್ದು ಇನ್ನೊಂದು ಮನೆಯ ಮುಂದೆ ಆಗಬಾರದೆಂದು ಅವಳ ಉದ್ದೇಶ. ದಾರಿಯಲ್ಲಿ ವೀರಭದ್ರಯ್ಯ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಆ ಹುಡುಗನ್ಗೆ ಜೀಪು. ಇವ್ರಿಗೆ ಕಾರು," ಎಂದ. ಕೆನ್ನೆಗೆ ಹೊಡೆದದ್ದು ಅವನ ಕೈಯೇ ಆಗಿದ್ದರಿಂದ ಆ ಮಾತಿನಲ್ಲಿ ಲೋಹಿತಾಳ ಮೇಲೆ ಸಿಟ್ಟಿರಲಿಲ್ಲ.

ನಾಗಭೂಷಣನ ಮನೆ ಕೋಟೆಬೆಟ್ಟದ ಬುಡದ ಹಳೇ ಬೀದಿಯಲ್ಲಿತ್ತು. ಅವನ ತಾಯಿ ಚನ್ನಮಲ್ಲಮ್ಮ ಬಾಗಿಲು ತೆಗೆದಳು. ಪಡಸಾಲೆಯ ಗೋಡೆಯ ಮೇಲೆ ಶಾಲು, ಪೇಟ, ಫಲಕಗಳು. ಮಗ ಮಾಳಿಗೆಯ ಮೇಲಿದ್ದಾನೆ, ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾನೆ ಎಂದಳು.

ಮಾಳಿಗೆಯ ಮೇಲೆ ನೀಲಿ ಡ್ರಮ್ಮುಗಳು ಸಾಲಾಗಿದ್ದವು. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪುಗಳು ಅವುಗಳಿಗೆ ಗಾಳಿ ಊದುತ್ತಿದ್ದವು. ಒಳಗೆ ಕಂದು ನೀರು ಗುಳುಗುಳು ಎನ್ನುತ್ತಿತ್ತು, ಮೊದಲ ಮಳೆಗೆ ನೆನೆದ ಹೊಲದಂಥ ವಾಸನೆ. ನಾಗಭೂಷಣ್ ಅವುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಲೋಹಿತಾಳನ್ನು ನೋಡಿ ಏಳಲು ಹೋಗಿ ಮತ್ತೆ ಕೂತ.

"ಇನ್ನು ಹತ್ತು ದಿನ ಸಾಕಿತ್ತು," ಎಂದ. "ಮತ್ತೆ ತೊಟ್ಟಿಗೆ ಹಾಕಿಬಿಡ್ತಿದ್ದೆ. ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಇರ್ತಿತ್ತು."

ಅವನು ಏನನ್ನೂ ಅಲ್ಲಗಳೆಯಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ತೊಟ್ಟಿಯ ತಳದ ಗಾಳಿಕೊಳವೆ ಶುಚಿಮಾಡಲು ಬ್ಲೋವರನ್ನು ಅವನೇ ಆರಿಸಿದ್ದ. ಅಷ್ಟರಲ್ಲಿ ಪಾವಗಡದಿಂದ ಕಾರು ಬಂತು. ಅಲ್ಲಿನ ಸಂಘವೊಂದು ಅವನಿಗೆ ಸನ್ಮಾನ ಇಟ್ಟುಕೊಂಡಿತ್ತು. ಅಂಗಿ ಬದಲಿಸಿ ಹೊರಟವನು ಬ್ಲೋವರ್ ಮರೆತ. ಅಂದು ಹಬ್ಬದ ರಜೆಯಲ್ಲಿ ನವೀನನೂ ಇರಲಿಲ್ಲ. ಕಾರ್ಖಾನೆಯ ನೀರು ಮಾತ್ರ ತೊಟ್ಟಿಗೆ ಬಂದು ಬೀಳುತ್ತಲೇ ಇತ್ತು. ಪಾವಗಡದಲ್ಲಿ ಹಾರ ಹಾಕಿದರು, ಭಾಷಣ ಮಾಡಿಸಿದರು, ರಾತ್ರಿ ಉಳಿಸಿಕೊಂಡರು, ಮಾರನೆಯ ದಿನ ತಿರುಮಣಿಯ ಸೋಲಾರ್ ಪಾರ್ಕ್ ತೋರಿಸಿದರು. ಅವನು ಮರಳಿ ಬಂದು ತೊಟ್ಟಿ ಹತ್ತಿದಾಗ ಗಾಳಿಯಿಲ್ಲದೆ ಬ್ಯಾಕ್ಟೀರಿಯಾಗಳೆಲ್ಲ ಉಸಿರುಕಟ್ಟಿ ಸತ್ತಿದ್ದವು.

"ಭಾಷಣದಲ್ಲಿ ಏನು ಹೇಳಿದ್ದೆ ಗೊತ್ತಾ ಮೇಡಂ? ಇವು ನನ್ನ ಮಕ್ಕಳಿದ್ದ ಹಾಗೆ, ಒಂದು ಕ್ಷಣ ಮರೆಯೋದಿಲ್ಲ ಅಂತ. ಚಪ್ಪಾಳೆ ಬಿತ್ತು. ಆ ಹೊತ್ತಿಗೆ ಅವು ಸಾಯ್ತಾ ಇದ್ದವು."

ಹೊಸದಾಗಿ ಬೆಳೆಸಲು ತಿಂಗಳ ಮೇಲೆ ಬೇಕು. ಅಲ್ಲಿಯವರೆಗೆ ಕಾರ್ಖಾನೆ ನಿಲ್ಲಿಸಿ ಎನ್ನಬೇಕು. ಯಾಕೆ ಎಂದರೆ ಹೇಳಬೇಕು. ಬೇರೆ ಜಿಲ್ಲೆಗಳ ಕಾರ್ಖಾನೆಯವರು ಅವನ ತೊಟ್ಟಿಯನ್ನು ನೋಡಲು ಬರುವ ದಿನ ನಿಗದಿಯಾಗಿತ್ತು. ಹಳ್ಳ ಒಣಗಿದೆ, ಮರಳು ಹೀರಿಕೊಳ್ಳುತ್ತದೆ, ಒಂದು ತಿಂಗಳು ತಾನೆ ಎಂದುಕೊಂಡ. ಮರಳಿನಲ್ಲಿ ಚಿಲುಮೆ ತೋಡಿ ಕುಡಿಯುವವರಿದ್ದಾರೆ ಎಂಬುದು ಅವನ ತಲೆಗೆ ಬರಲಿಲ್ಲ.

"ಸೋಮವಾರ ಠಾಣೆಗೆ ಬಂದ್ರಲ್ಲ. ಆಗ ಹೇಳಬಹುದಿತ್ತು."

"ಹೇಳೋಕೇ ಬಂದಿದ್ದೆ. ನೀವು ಎದ್ದು ನಿಂತ್ರಿ. ಕುರ್ಚಿ ಕೊಟ್ರಿ."

ಲೋಹಿತಾ ಬೇರೆ ಕಡೆ ನೋಡಿದಳು. ಮುಂದಿನ ಪ್ರಶ್ನೆ ಕೇಳಿದಳು.

"ನವೀನನಿಗೆ ಹೊಡೆದಿದ್ದು ಗೊತ್ತಾಯ್ತಲ್ಲ? ಆಗಲೂ ಯಾಕೆ ಹೇಳ್ಲಿಲ್ಲ?"

ನಾಗಭೂಷಣ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಜಪ್ತಿಯ ಸಮಯದಲ್ಲಿ ಒಂದು ತೊಡಕು ಬಂತು. ಡ್ರಮ್ಮುಗಳನ್ನು ಮೊಹರು ಮಾಡಿದರೆ ಒಳಗಿನ ಜೀವ ಸಾಯುತ್ತದೆ, ಮಾಡದಿದ್ದರೆ ಜಪ್ತಿಯಾಗುವುದಿಲ್ಲ. ಪಂಚರು ಮುಖಮುಖ ನೋಡಿಕೊಂಡರು. ಲೋಹಿತಾ ಮಂಜುಶ್ರೀಗೆ ಫೋನ್ ಮಾಡಿದಳು. ಸಾಕ್ಷ್ಯಕ್ಕೆಂದು ಒಂದು ಬಾಟಲಿ ಮಾತ್ರ ಮೊಹರಾಯಿತು, ಉಳಿದದ್ದನ್ನು ಪಂಪುಗಳ ಸಮೇತ ಪ್ರಯೋಗಾಲಯದ ಸುಪರ್ದಿಗೆ ಕೊಡುವುದೆಂದು ಪಂಚನಾಮೆಯಲ್ಲಿ ಬರೆದರು. ಡ್ರಮ್ಮುಗಳನ್ನು ವ್ಯಾನಿಗೆ ಏರಿಸುವವರೆಗೂ ನಾಗಭೂಷಣ್ ಗಾಳಿ ನಿಲ್ಲಿಸಬೇಡಿ, ಗಾಳಿ ನಿಲ್ಲಿಸಬೇಡಿ ಎಂದು ಹೇಳುತ್ತಲೇ ಇದ್ದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕೇಳಿಸಿದವನಂತೆ ಬಾಯಿ ಮುಚ್ಚಿದ.

ದಸ್ತಗಿರಿ ಮಾಡಿದ ವಿಷಯವನ್ನು ತಾಯಿಗೆ ತಿಳಿಸಿ ಸಹಿ ಪಡೆಯಬೇಕಿತ್ತು. ಚನ್ನಮಲ್ಲಮ್ಮ ಎಲ್ಲವನ್ನೂ ಕೇಳಿದಳು. ಸತ್ತವನಿಗೆ ಹೆಂಡತಿ ಇದ್ದಾಳೆಯೇ ಎಂದಳು. ಇದ್ದಾಳೆ ಎಂದರು. ಸಹಿ ಹಾಕಿ ಒಳಗೆ ಹೋದವಳು ಮಗ ಕಾರು ಹತ್ತುವಾಗ ಹೊರಗೆ ಬರಲಿಲ್ಲ. ಪಡಸಾಲೆಯಲ್ಲಿ ಏನನ್ನೋ ಗೋಡೆಯಿಂದ ಇಳಿಸುವ ಸದ್ದು ಕೇಳುತ್ತಿತ್ತು.

ಮಾರನೆಯ ವಾರ ಲೋಹಿತಾ ಒಬ್ಬಳೇ, ಸೀರೆ ಉಟ್ಟು, ಕೊರಟಗೆರೆಗೆ ಹೋದಳು. ನಿಮ್ಮ ಮಗನದೇನೂ ತಪ್ಪಿಲ್ಲ, ನಮ್ಮಿಂದ ತಪ್ಪಾಯಿತು ಎಂದಳು. ದಾಸಮ್ಮ ಕೂರಿ ಎನ್ನಲಿಲ್ಲ.

"ಅವತ್ತು ನೀವ್ ಬಂದಿದ್ದು ಬೀದಿಗ್ ಬೀದಿನೇ ನೋಡ್ತು. ಇವತ್ ಬಂದಿರೋದ್ನ ಯಾರ್ ನೋಡ್ತಾರೆ?"

ಮರುದಿನ ಲೋಹಿತಾ ಸಮವಸ್ತ್ರದಲ್ಲಿ, ಅದೇ ಜೀಪಿನಲ್ಲಿ, ವೀರಭದ್ರಯ್ಯನನ್ನೂ ಕರೆದುಕೊಂಡು ಅದೇ ಬೀದಿಗೆ ಬಂದಳು. ಬಾಗಿಲಲ್ಲಿ ನಿಂತ ನೆರೆಹೊರೆಯವರೆಲ್ಲ ಕೇಳುವಂತೆ ಅದೇ ಮಾತನ್ನು ಮತ್ತೆ ಹೇಳಿದಳು. ವೀರಭದ್ರಯ್ಯ ನವೀನನ ಮುಂದೆ ಕೈಮುಗಿದ. ಅಲ್ಲಿಂದ ಗಂಡಿನ ಮನೆಗೂ ಹೋದರು. ಅವರು ಯೋಚಿಸಿ ಹೇಳುತ್ತೇವೆ ಎಂದರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮೇಲಧಿಕಾರಿಗೆ ಕಳಿಸಿದ ವರದಿಯಲ್ಲಿ ಕೆನ್ನೆಗೆ ಹೊಡೆದದ್ದನ್ನೂ, ತಾನು ತಡೆಯದೆ ಕೂತದ್ದನ್ನೂ ಲೋಹಿತಾ ಬರೆದಳು. ಇಬ್ಬರ ಮೇಲೂ ಇಲಾಖಾ ವಿಚಾರಣೆ ಶುರುವಾಯಿತು.

ಏಪ್ರಿಲ್‌ನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮುಂಚೆ ಪೂರಕ ಹೇಳಿಕೆಗೆಂದು ರಂಗಕ್ಕನನ್ನು ಕರೆಸಿದರು. ಆ ವೇಳೆಗೆ ಮಂಜುಶ್ರೀಯ ಬಳಿಯಿದ್ದ ಡ್ರಮ್ಮುಗಳಿಂದ ಕಾರ್ಖಾನೆಯ ತೊಟ್ಟಿ ಮತ್ತೆ ಕಂದು ಬಣ್ಣಕ್ಕೆ ಬಂದಿತ್ತು. ತೋಡಿ ತೆಗೆದ ಹಳ್ಳದ ಮರಳಿನ ಮೇಲೂ ಅದೇ ನೀರನ್ನು ಸಿಂಪಡಿಸುತ್ತಿದ್ದರು.

ರಂಗಕ್ಕ ಬೆಂ‍ಚಿನ ತುದಿಯಲ್ಲಿ ಕೂತಳು. ಅಂಥ ನೀರನ್ನು ಗಂಡ ಹೇಗೆ ಕುಡಿದ ಎಂಬ, ಮೊದಲ ದಿನ ಉತ್ತರ ಕೊಡದ ಪ್ರಶ್ನೆಗೆ ಈಗ ಅವಳಾಗಿಯೇ ಉತ್ತರ ಕೊಟ್ಟಳು. ಆ ಭಾನುವಾರ ಬೆಳಿಗ್ಗೆ ಗಂಡಹೆಂಡಿರಿಗೆ ಜಗಳವಾಗಿತ್ತು. ಸಿಟ್ಟಿಗೆ ಅವಳು ನೀರಿನ ಬಿಂದಿಗೆ ಕೊಡಲಿಲ್ಲ, ಅವನು ಕೇಳಲಿಲ್ಲ. ಅವನಿಗೆ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಅವಳು ಸೋತು ಬಿಂದಿಗೆ ಹೊತ್ತು ಹಳ್ಳಕ್ಕೆ ಹೋಗುವಷ್ಟರಲ್ಲಿ ಅವನು ಚಿಲುಮೆಗೆ ಬಗ್ಗಿಯಾಗಿತ್ತು. ಇದನ್ನು ಪೊಲೀಸರ ಮುಂದೆ ಹೇಳಲು ಅವಳಿಗೆ ಮುಖವಿರಲಿಲ್ಲ.

ಬರಹಗಾರ ಬರೆಯುವುದನ್ನು ನಿಲ್ಲಿಸಿ ಲೋಹಿತಾಳ ಕಡೆ ನೋಡಿದ. ಅದು ಬೇಡ ಎಂದು ಅವಳು ಸನ್ನೆ ಮಾಡಿದಳು.

"ಆ ಮೇಷ್ಟ್ರು ಯಾಕಮ್ಮ ಮುಚ್ಚಿಟ್ರು?" ರಂಗಕ್ಕ ಕೇಳಿದಳು. "ಏನ್ ಸಿಕ್ತಿತ್ತು ಅವ್ರಿಗೆ?"

"ಏನೂ ಸಿಗ್ತಿರ್ಲಿಲ್ಲ. ನಾಚಿಕೆ ಆಯ್ತಂತೆ. ಅಷ್ಟೊಂದು ಜನರ ಎದುರಿಗೆ ಹೊಗಳಿಸ್ಕೊಂಡಿದ್ರು. ನನ್ನಿಂದ ಹುಳ ಸತ್ತುಹೋದ್ವು ಅನ್ನೋಕೆ ಬಾಯಿ ಬರ್ಲಿಲ್ಲವಂತೆ."

ರಂಗಕ್ಕ ಮುಖ ಎತ್ತಿ ಲೋಹಿತಾಳನ್ನು ನೋಡಿದಳು.

"ನಾವು ಕುರಿ ಸಾಕೋರು ಕಣಮ್ಮ," ಎಂದಳು. "ಸಾಕಿದ್ ಜೀವ ಒಂದೊಂದ್ ಸಲ ನಮ್ ತಪ್ಪಿಂದ್ಲೇ ಸತ್ತೋಗ್ಬುಡ್ತವೆ. ಬಂದು ಒಂದ್ ಮಾತ್ ಹೇಳಿದ್ರೆ ಆಗಿತ್ತು. ನಾವೇನ್ ನಗ್ತಿದ್ವಾ?"

ಬರಹಗಾರ ಹೇಳಿಕೆಯನ್ನು ಓದಿ ಹೇಳಿದ. ಎಲ್ಲ ಸರಿಯಿದೆ ಎಂದು ರಂಗಕ್ಕ ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಕುರಿ ಕೂಡಿಹಾಕಿ ಬಂದಿದ್ದೇನೆ, ಹೊತ್ತಾಯಿತು ಎಂದು ಎದ್ದಳು.